ಮೂವತ್ತು ಎಳೆತ

ಗಾಡಿ ಮುರಿದು ಎಷ್ಟೋ ವರ್ಷ. ಅದರ ಮೂಕಿಮರ
ಹಿತ್ತಲ ಗೋಡೆಗೆ ಒರಗಿಕೊಂಡೇ ಇತ್ತು,
ಕೋಳಿಗಳು ಕೂರಲಿಕ್ಕೆ.
ತಡಸಲು, ಅಂದ ಮೋನಾಚಾರಿ, ಉಗುರಲ್ಲಿ ಗೀರಿ ಮೂಸಿ.
ಎತ್ತಿನ ಕಡೆಗೂ ಹೇರಿನ ಕಡೆಗೂ
ಇಷ್ಟು ಕಾಲ ಬಾಗಿ ಬಂದದ್ದು
ಇನ್ನೊಂದು ಸಲಕ್ಕೆ ಒಲ್ಲೆ ಅನ್ನಲ್ಲ.

ಬೇಕಾದದ್ದು ವೇಷದ ಬಿಲ್ಲು.
ತುರುವೇಕೆರೆ ಕಡೆಯ ನಮ್ಮ ಮೂಡಲಪಾಯದ ಮೇಳದ ಹಳೆಯದು,
ಬಿದಿರಿಗೆ ಬೇಗಡೆ ಸುತ್ತಿದ್ದು, ಇಲಿ ಕಡಿದಿತ್ತು.
"ನೋಡೋಕೆ ಬಿಲ್ಲಿನಂಗಿದ್ರೆ ಸಾಕು" ಅಂದಿದ್ದ
ವೇಷ ಕಟ್ಟುವ ಈರದಿಮ್ಮಯ್ಯ.
ಆಚಾರಿ ತಲೆ ಆಡಿಸಿದ. ಅದು ಹೂಂ ಅಲ್ಲ ಅಂತ
ನನಗೆ ಮಾತ್ರ ಗೊತ್ತು.

ಬಾಚಿಯ ಕೆಲಸ ಎರಡೇ ದಿನ.
ಆಮೇಲೆ ಅರ, ಕೀಸುಳಿ,
ಕೊನೆಗೆ ಒಡೆದ ಸೋಡಾ ಬಾಟಲಿಯ ಚೂರು.
ಬೆನ್ನು ಮುಟ್ಟಬೇಡ, ಅಲ್ಲಿ ಒಂದೇ ವರ್ಷದ ಉಂಗುರ
ತುದಿಯಿಂದ ತುದಿಗೆ ಹರಿಯದೆ ಉಳಿದಿದೆ.
ತೆಗೆಯೋದೆಲ್ಲ ಹೊಟ್ಟೆ ಕಡೆಯಿಂದ.
ನಮ್ಮ ಮನೇಲೂ ಹಂಗೇ ಅಲ್ವಾ, ಅಂತ ನಕ್ಕ.

ಸುಣ್ಣದ ಗೋಡೆಗೆ ಗೂಟ. ಗೂಟದ ಮೇಲೆ ಬಿಲ್ಲು, ಅಡ್ಡ.
ಹೆದೆಯಿಂದ ಇಳಿದ ಹಗ್ಗ ಬಾವಿಯ ಹಳೆ ರಾಟೆಯಲ್ಲಿ ತಿರುಗಿ
ಅಂಗಳದ ಈ ತುದಿಯಲ್ಲಿ ನನ್ನ ಕೈಗೆ.
ನಡುವೆ ತಿಪಟೂರಿನ ಮಂಡಿಯಿಂದ ತಂದ
ಕೊಬ್ಬರಿ ತೂಗುವ ಕೊಕ್ಕೆತಕ್ಕಡಿ.
ಗೋಡೆಯ ಮೇಲೆ ಇದ್ದಿಲ ಗೆರೆ, ಗೇಣಿಗೊಂದು.
ಹದಿನಾಲ್ಕು ಕೆಜಿ, ಮೇಲೆ ಒಂದು ಗುಂಜಿಯೂ ಬೇಡ.
ಎಳೆಯೋದು, ಎಣಿಸೋದು ನಾನು. ಅವನು ದೂರ ನಿಂತು
ಒಂದು ಕಣ್ಣು ಮುಚ್ಚಿ ನೋಡೋದು.

ಬಲತೋಳು ಸಲೀಸು. ಎಡತೋಳು
ನಡುವಿನಿಂದ ಗೇಣು ದೂರದಲ್ಲಿ ಹಟ ಹಿಡಿದಿತ್ತು,
ಹಲಗೆಯಂತೆ.
ಅಲ್ಲಿಗೆ ಇದ್ದಿಲಿನ ಗುರುತು. ಗಾಜಿನಲ್ಲಿ ಹತ್ತು ಕೀಸು,
ಬಾಚಣಿಗೆಗೆ ಸಿಕ್ಕ ಕೂದಲಷ್ಟು ಸಿಪ್ಪೆ.
ಮತ್ತೆ ಗೂಟಕ್ಕೆ. ನೋಡಿದರೆ ಅದೇ ಹಲಗೆ!
ಇನ್ನಷ್ಟು ಕೀಸೋಣ ಅಂದೆ.
ಕೈ ಹಿಡಿದ. "ತಡಿ. ತೆಗೆದಿದ್ದು ಮರಕ್ಕಿನ್ನೂ ಗೊತ್ತಾಗಿಲ್ಲ.
ಎಳಿ. ಮೂವತ್ತು."

ಒಂದು, ಎರಡು. ಮೆಲ್ಲಗೆ ಎಳೆದು, ಮೆಲ್ಲಗೆ ಬಿಡು.
ಹನ್ನೊಂದು. ರಾಟೆಯ ಕಿರುಗುಟ್ಟಿಗೆ ಪಕ್ಕದ ಮನೆ ನಾಯಿ ಎದ್ದು ಹೋಯಿತು.
ಹತ್ತೊಂಬತ್ತು. ಅಂಗೈಯಲ್ಲಿ ಹಗ್ಗದ ಬಿಸಿ.
ಇಪ್ಪತ್ತಾರಕ್ಕೋ ಏಳಕ್ಕೋ
ಹಲಗೆಯಂತಿದ್ದ ಜಾಗ, ಹೇಗೆ ಹೇಳಲಿ,
ಯಾರೋ ಹೆಸರು ಕೂಗಿದ ಹಾಗೆ
ತಿರುಗಿತು.

ಹಿಂದಿನ ಮಾಘದಲ್ಲಿ ಆಚಾರಿಯ ಹೆಂಡತಿ ಹೋದಾಗ
ಹನ್ನೆರಡನೆಯ ದಿನವೇ ಅವನು ಉಳಿ ಹಿಡಿದಿದ್ದ.
ಕಲ್ಲುಗುಂಡಿಗೆ, ಅಂದಿತ್ತು ಊರು. ನಾನೂ.
ಶ್ರಾವಣದ ಒಂದು ಬೆಳಿಗ್ಗೆ, ಯಾರದೋ ಬಾಗಿಲಿಗೆ
ಚಿಲಕ ಜಡಿಯುತ್ತಿದ್ದವನು, ಮೊಳೆ ಬಾಯಲ್ಲಿಟ್ಟುಕೊಂಡೇ
ಕೂತುಬಿಟ್ಟಿದ್ದ.
ಅದನ್ನು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.
ಇದ್ದಿಲು ಕೊಡು, ಅಂದ.

ಹೀಗೇ ಒಂಬತ್ತು ದಿನ.
ಎರಡು ತೋಳೂ ಗೋಡೆಯ ಮೇಲೆ
ಒಂದೇ ಉಸಿರಲ್ಲಿ ಇಳಿದ ಸಂಜೆ
ಹೆದೆ ಬಿಚ್ಚಿ, ಹರಳೆಣ್ಣೆ ಸವರಿ, ಮಲಗಿಸಿದೆವು.
ಒಂದು ಬೆರಳಷ್ಟು ಬಾಗು ಅದರಲ್ಲಿ ಉಳಿದೇ ಹೋಯಿತು.
ಇರಲಿ, ಅಂದ. ದುಡಿದ ಬೆನ್ನು ಪೂರ್ತಿ ನೆಟ್ಟಗಾಗಲ್ಲ.

ಅಭ್ಯಾಸದ ರಾತ್ರಿ, ಶಾಲೆಯ ಜಗಲಿ, ಒಂದೇ ಬಲ್ಬು.
ಈರದಿಮ್ಮಯ್ಯನಿಗೆ ರೂಢಿ: ಬರಿ ಹೆದೆ ಸೆಳೆದು ಬಿಟ್ಟು
ಟಣ್ ಅನ್ನಿಸಿ ಒಂದು ಸುತ್ತು ಕುಣಿಯೋದು.
ಆಚಾರಿ ಎದ್ದು ಹೋಗಿ ಮಣಿಕಟ್ಟು ಹಿಡಿದ.
"ಬಾಣ ಇಲ್ದೆ ಬಿಟ್ರೆ ಸೀಳುತ್ತೆ. ಎಳೆದದ್ದನ್ನ
ನೀನೇ ವಾಪಸ್ ತರಬೇಕು."
"ಹಂಗಾದ್ರೆ ಆಟ ಹೆಂಗಯ್ಯಾ?"
"ಗೊತ್ತಿಲ್ಲ."

ಎಳೆದ. ನಲವತ್ತು ವರ್ಷ ರಾಜನಾಗಿದ್ದವನ ತೋಳು
ಮೊದಲ ಸಲ ನಡುಗಿತು.
ಭಾಗವತ ಪದ ಎತ್ತಲಿಲ್ಲ. ಮದ್ದಳೆಯ ಮೇಲೆ
ಅಂಗೈ ಹಾಗೇ ನಿಂತಿತು.
ಬೆರಳುಗಳಲ್ಲಿ ಹೆದೆ, ಗೇಣು ಗೇಣಾಗಿ,
ಹಿಂದಕ್ಕೆ ನಡೆದು ಬರುತ್ತಿತ್ತು.

ಕತ್ತಲಲ್ಲಿ, ಹಗ್ಗವಿಲ್ಲದ ಕೈ ಮುಚ್ಚಿಕೊಂಡು,
ನಾನು ಎಣಿಸಿದೆ:
ಮೂವತ್ತೊಂದು.