ಠರಾವಿನಲ್ಲಿ ಇಲ್ಲದ್ದು

ತಾವರಗೇರಾದ ಸಮುದಾಯ ಭವನಕ್ಕೆ
ನೆಲ ಯಾವುದು ಎಂಬ ಒಂದೇ ಮಾತಿಗೆ
ಮೂರು ಸಭೆ, ಲೆಕ್ಕವಿಡದಷ್ಟು ಮಿರ್ಚಿ.

ಶಾಲೆಯ ಅಂಗಳದಲ್ಲಿ ಮಾದರಿ ಇಟ್ಟಿದ್ದೆವು:
ಮುಖ ಕಾಣುವ ಇಳಕಲ್ಲಿನ ಕೆಂಪು ಗ್ರಾನೈಟು,
ಹಾಲುಬಣ್ಣದ ಗುಜರಾತಿ ಟೈಲ್ಸು,
ಪಕ್ಕಕ್ಕೆ ಒಂದು ಶಹಾಬಾದಿ ಪರಸಿ,
ಬೂದು, ಮೂಲೆ ಮುಕ್ಕು,
ಯಾರದೋ ಹಳೆಮನೆ ಕೆಡವಿದಾಗ ಉಳಿದದ್ದು.

ಗ್ರಾನೈಟಿಗೆ ಬಗ್ಗಿ ಮೀಸೆ ನೋಡಿಕೊಂಡು
ಅಧ್ಯಕ್ಷ ಶರಣೇಗೌಡರು ‘ಇದೇ ಆಗಲಿ’ ಅಂದರು.
ಗುತ್ತಿಗೆದಾರ ಟೈಲ್ಸನ್ನು ಉಗುರಲ್ಲಿ ಬಾರಿಸಿ
‘ಗಂಟಿ ಬಾರಿಸಿದಂಗ ಕೇಳತೈತಿ’ ಅಂದ.
ಪರಸಿಯ ಪರ ಯಾರೂ ಬಾಯಿ ಬಿಡಲಿಲ್ಲ.
ನಾನೂ.

ಏಪ್ರಿಲ್. ಮಧ್ಯಾಹ್ನ ಎರಡು.
ಬಿಸಿಯೂಟದ ಪಾತ್ರೆ ತೊಳೆದಿಟ್ಟು
ಹುಲಿಗೆಮ್ಮ ಬಂದಳು, ಚಪ್ಪಲಿ ಬಿಟ್ಟಳು,
ಗ್ರಾನೈಟಿನ ಮೇಲೆ ನಿಂತಳು:
ಒಂದು, ಎರಡು, ಹಾರಿ ಇಳಿದಳು.
ಟೈಲ್ಸಿನ ಮೇಲೆ ಒದ್ದೆ ಕಾಲು ಜಾರಿ
ಗುತ್ತಿಗೆದಾರನ ಹೆಗಲು ಹಿಡಿದಳು.
ಪರಸಿಯ ಮೇಲೆ ನಿಂತವಳು
ಸೊಂಟದ ಸಂಚಿ ಬಿಚ್ಚಿ,
ಎಲೆ ಒರೆಸಿ, ಸುಣ್ಣ ಹಚ್ಚಿ,
ಅಡಿಕೆ ಇಟ್ಟು ಮಡಚಿ, ಬಾಯಿಗಿಟ್ಟು,
ಆಮೇಲೆ ಕೇಳಿದಳು:
‘ಇದರ ಮ್ಯಾಲೆ ಕುಂದ್ರವರು ನಾವಲ್ಲೇನ್ರಿ?
ಊಟಕ್ಕ ಪಂಕ್ತಿ ಕುಂತಾಗ
ಮುಖ ನೋಡ್ಕೊಳ್ಳೋರು ಯಾರು?’

ಕಾರ್ಯದರ್ಶಿ ನಾನು, ಹೀಗೆ ಬರೆದೆ:
‘ವೆಚ್ಚದ ದೃಷ್ಟಿಯಿಂದ, ಸದಸ್ಯರ ಸರ್ವಾನುಮತದಿಂದ,
ಶಹಾಬಾದಿ ಕಲ್ಲನ್ನು ಆಯ್ಕೆ ಮಾಡಲಾಗಿದೆ.’
ಕೆಳಗೆ ಒಂಬತ್ತು ಸಹಿ.
ಅಂಗಾಲು ಒತ್ತಲು
ಆ ಪುಟದಲ್ಲಿ ಜಾಗ ಬಿಟ್ಟಿರಲಿಲ್ಲ.

ಗ್ರಾನೈಟಿನ ಮಾದರಿ ಈಗ
ಖಾಜಾಹುಸೇನನ ಚಹಾದಂಗಡಿಯಲ್ಲಿದೆ.
ಅದರ ಮೇಲೆ ಶುಂಠಿ ಜಜ್ಜುತ್ತಾನೆ.
ಹೊಳಪು ಇನ್ನೂ ಹೋಗಿಲ್ಲ.