ದೊಡ್ಡದು ಮಾಡುವುದು

ಬಳೇಪೇಟೆಯ ಒಳಗಲ್ಲಿ, ರಾತ್ರಿ ಎಂಟೂವರೆ.
ನಲವತ್ತಾರು ತುಂಬಿದರೂ ನಾನಿಲ್ಲಿ ‘ಕಂಪ್ಯೂಟರ್ ಹುಡುಗ’.
ಎಸ್.ಪಿ. ರೋಡಿನಿಂದ ನಡೆದೇ ಬಂದೆ.

‘ನಯಾಜ್, ಇದು ಆನ್ ಆಗೋದು ಸರಿಯಾಗೇ ಆಗುತ್ತೆ,’
ಅಂದರು ಸರ್ವಮಂಗಳಮ್ಮ, ಹೋಲ್‌ಸೇಲ್ ಗಾಜಿನ ಬಳೆ,
‘ಹೋಗು ಅಂದ್ರೆ ಹೋಗಲ್ಲ. ಬೀಗರ ಮನೆ ನೆಂಟರ ಹಾಗೆ
ಹೊಸಿಲಲ್ಲಿ ನಿಂತು ಇನ್ನೊಂದು ಮಾತು, ಇನ್ನೊಂದು ಮಾತು.
ಷಟರ್ ಅರ್ಧ ಇಳಿಸಿ ಇದರ ಮುಂದೆ ಕೂತಿರ್ತೀನಿ ದಿನಾ.’

ಪರದೆಯ ಮೇಲೆ ಐದು ಚುಕ್ಕಿ, ಸುತ್ತಿದ್ದೇ ಸುತ್ತಿದ್ದು.
ಗಾಣದ ಎತ್ತಿಗಾದರೂ ಎಣ್ಣೆಯ ವಾಸನೆ ಸಿಗುತ್ತೆ.
ಗಡಿಯಾರ ಹಿಡಿದು ನೋಡಿದೆ: ಹತ್ತು ನಿಮಿಷ, ಮೇಲೆ ನಾಲ್ಕು ಸೆಕೆಂಡು.
ಇಷ್ಟು ಕರಾರುವಾಕ್ಕಾಗಿ ಸೋಮಾರಿಯಾಗಲು
ಯಂತ್ರಕ್ಕೆ ತಾನಾಗಿ ಬರುವುದಿಲ್ಲ,
ಯಾರೋ ಹೇಳಿಕೊಟ್ಟಿದ್ದಾರೆ.

ಡಬ್ಬ ಬಿಚ್ಚಿ ಧೂಳು ಊದಿದೆ.
ಫ್ಯಾನಿನ ರೆಕ್ಕೆಗೆ ಮಿಣುಕು ಪುಡಿ, ಒಂದು ಹಸಿರು ಗಾಜಿನ ಚೂರು.
ಅದಲ್ಲ.
ರ‍್ಯಾಮ್ ಕಿತ್ತು ಒರೆಸಿ ಕೂರಿಸಿದೆ. ಅದೂ ಅಲ್ಲ.
ರಿಜಿಸ್ಟ್ರಿಯ ಆಳದಲ್ಲಿ ಸಿಕ್ಕಿತು ಒಂದು ಸಾಲು:
ತಾನಾಗಿ ಏಳದ ಪ್ರೋಗ್ರಾಮನ್ನು
ಕೊಲ್ಲುವ ಮುನ್ನ ಎಷ್ಟು ಕಾಯಬೇಕು.
ಕೊಲ್ಲುವ ಅಂತಲೇ ಬರೆದಿದೆ, ಮುಚ್ಚುಮರೆ ಇಲ್ಲ.
ಅದರ ಎದುರಿಗೆ ಆರು ಲಕ್ಷ. ಮಿಲಿಸೆಕೆಂಡು.
ಬರೆದವರ ಲೆಕ್ಕ ಪಕ್ಕಾ, ಒಂದು ಸೊನ್ನೆ ಆಚೀಚೆ ಇಲ್ಲ.

ಏಳದೆ ಕೂತಿದ್ದು ಬ್ಯಾಕಪ್.
ಇ ಡ್ರೈವ್ ಎಲ್ಲಿ, ಇ ಡ್ರೈವ್ ಎಲ್ಲಿ ಅಂತ ಕೇಳಿಕೊಂಡು.

‘ಅಯ್ಯೋ, ಅದು ಲೆಕ್ಕದ ಪಾಂಡುರಂಗಯ್ಯನೋರ ಪೆನ್‌ಡ್ರೈವು.
ಬೀಗದ ಕೈ ಗೊಂಚಲಿಗೆ ಕಟ್ಟಿಕೊಂಡಿರೋರು.
ಶಟ್‌ಡೌನ್ ಒತ್ತಿಬಿಟ್ಟು, ಮೂಲೆ ಹೋಟೆಲಲ್ಲಿ ಕಾಫಿ ಕುಡಿದು
ಬಂದು ಚುಚ್ಚೋರು. ಅಷ್ಟರಲ್ಲಿ ನಾನು ಗಲ್ಲಾ ಎಣಿಸ್ತಿದ್ದೆ.
ಅವರು ಹೋಗಿ ಮೂರು ವರ್ಷ ಆಯ್ತು.’

ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ತುಮಕೂರಿಗೆ ಹೋದರೂ ಅದೇ ಮಾತು, ಅಲ್ಲಿಗೆ ಹೋದರೂ ಅದೇ ಮಾತು.
ಈ ಅಂಗಡಿಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ.
ಪಟದ ಮುಂದಿನ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ.
ಗೋರಿಪಾಳ್ಯದಲ್ಲಿ ನಮ್ಮಮ್ಮನೂ ಹಾಗೇ,
ಅಪ್ಪ ಪಂಕ್ಚರ್ ಅಂಗಡಿಯ ಹಲಗೆ ಜೋಡಿಸುವಾಗ
‘ದುಕಾನ್ ಬಢಾವ್’ ಅನ್ನೋಳು.
ಮುಚ್ಚು ಅಂದದ್ದೇ ಇಲ್ಲ, ಬೆಳೆಸು.
ಬೆಳೆಯಲಿಲ್ಲ ಬಿಡಿ, ಅದು ಬೇರೆ ಕತೆ.

ಹತ್ತು ನಿಮಿಷ, ಒಬ್ಬರ ಕಾಫಿ.
ಮೂರು ವರ್ಷದಿಂದ ಲೋಟ ಇಳಿಸಿಲ್ಲ.

ಹಾಗಂತ ಯೋಚಿಸಿಕೊಂಡು ಕೂತರೆ ನನ್ನ ಬಾಡಿಗೆ ಯಾರು ಕಟ್ಟುತ್ತಾರೆ?
ಬ್ಯಾಕಪ್ಪಿಗೆ ಡಿ ಡ್ರೈವ್ ತೋರಿಸಿ ಇನ್ನು ಇಲ್ಲೇ ಅಂದೆ.
ಆರು ಲಕ್ಷ ಅಳಿಸಿದೆ.
ಕಂಪನಿಯವರ ಪ್ರಕಾರ ಐದು ಸಾವಿರ ಸಾಕು, ಐದೇ ಸೆಕೆಂಡು.
ನಾನು ಇಪ್ಪತ್ತು ಸಾವಿರ ಬರೆದೆ.
ಐದು ಸೆಕೆಂಡಿನಲ್ಲಿ ಎದ್ದುಹೋದವರನ್ನು
ಈ ಪೇಟೆಯಲ್ಲಿ ನಾನಂತೂ ಕಂಡಿಲ್ಲ.

ಒತ್ತಿದರು. ಚುಕ್ಕಿಗಳು ಎರಡು ಸುತ್ತು ಬಂದವು.
ಒಂಬತ್ತು ಸೆಕೆಂಡಿಗೆ ಫ್ಯಾನ್ ನಿಂತಿತು.
ಆಗ ಕೇಳಿಸಿತು ಟ್ಯೂಬ್‌ಲೈಟಿನ ಚೋಕು,
ಪಕ್ಕದಂಗಡಿಯಲ್ಲಿ ಹಾರ್ಮೋನಿಯಂ ಒತ್ತಿ ಒತ್ತಿ ನೋಡುವ ಗಿರಾಕಿ,
ಕೊಳ್ಳುವವನಲ್ಲ, ಕೈಯ ಹಗುರದಲ್ಲೇ ಗೊತ್ತಾಗುತ್ತೆ.

‘ಅಷ್ಟೇನಾ?’ ಅಂದರು ಸರ್ವಮಂಗಳಮ್ಮ.
‘ಒಂಬತ್ತು ಸೆಕೆಂಡಿಗೆ ಐನೂರು ರೂಪಾಯಾ?’
ಚೌಕಾಸಿಗೆ ಮಾತ್ರ ಹತ್ತು ನಿಮಿಷ ಹಿಡಿಯಿತು.
ಮುನ್ನೂರೈವತ್ತು, ಮೇಲೆ ನನ್ನ ಮಗಳಿಗೆ
ಒಂದು ಡಜನ್ ಹಸಿರು, ಎರಡೂಕಾಲು ಸೈಜು,
ಹಳೇ ಬಿಲ್ಲಿನ ಕಾಗದದಲ್ಲಿ ಸುತ್ತಿ.
ಕಾಗದದ ಕೊನೆಯಲ್ಲಿ ಪಾಂಡುರಂಗಯ್ಯನೋರ ಸಹಿ, ಬಾಲ ಉದ್ದ.

ಷಟರಿನ ಕೊಕ್ಕೆ ಹಿಡಿದು ಅವರಿನ್ನೂ ನಿಂತೇ ಇದ್ದರು,
ಮೂಲೆ ಹೋಟೆಲಿನ ಕಡೆ ಮುಖ ಮಾಡಿ.
‘ಬರ್ತೀನಮ್ಮಾ’ ಅಂದೆ.

ಮಾರ್ಕೆಟ್ಟಿನ ಫ್ಲೈಓವರ್ ಕೆಳಗೆ ಆಟೋ ಹಳ್ಳಕ್ಕೆ ಬಿತ್ತು.
ಮನೆಯಲ್ಲಿ ಮಗಳು ಎಣಿಸಿದಳು:
ಹನ್ನೊಂದು.
ಒಂದು ಹೆಚ್ಚಿತ್ತು.