ಬೊರ್ತೊಲೊನ ಕಿಟಕಿ

ಮೊದಲ ಏಳು ತಿಂಗಳು ನನ್ನ ಕೈಗೆ ಸಿಕ್ಕಿದ್ದು ಪೊರಕೆ.
ಅರದ ಪುಡಿ ಗುಡಿಸಿ
ಕಬ್ಬಿಣದ್ದು ಬೇರೆ, ಹಿತ್ತಾಳೆಯದ್ದು ಬೇರೆ ಡಬ್ಬಿಗೆ,
ಅಕ್ರೋಟು ಮರದ ಹೊಟ್ಟು ಒಲೆಗೆ.
"ಕಲಿಸುವುದೇನಿದೆ, ನಿಂತಿರು" ಎಂದಿದ್ದ ಮುದುಕ,
"ಕಣ್ಣು ಬಾಡಿಗೆಗೆ ಕೊಟ್ಟಿಲ್ಲವಲ್ಲ."

ನಿಂತೆ.
ಮೆಲ್ಲಾ ಹೊಳೆಯ ಸದ್ದು ನೆಲದಡಿಯಿಂದ ಏಳುವ
ಗಾರ್ದೋನೆಯ ಆ ತಗ್ಗು ಕೋಣೆಯಲ್ಲಿ
ಅವನ ಎಡಹೆಗಲ ಹಿಂದೆ, ಒಂದೂವರೆ ಮೊಳ ದೂರ,
ಬೆಳಕಿಗೆ ಅಡ್ಡ ಬಾರದ ಹಾಗೆ.

ಅರ ಹಿಡಿದರೆ ಅವನ ಮೊಣಕೈ ಅಲ್ಲ, ಸೊಂಟ ಚಲಿಸುತ್ತಿತ್ತು.
ಎಣ್ಣೆದೀಪದ ಹೊಗೆಗೆ ಉಕ್ಕಿನ ತುಂಡು ಹಿಡಿದು, ಮಸಿ ಕೂರಿಸಿ,
ಜೋಡಿ ತುಂಡಿಗೆ ಮೆಲ್ಲಗೆ ಒತ್ತಿ ತೆಗೆದರೆ
ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮಾತ್ರ ಎರಡು ಸಲ ಅರ.
ಮತ್ತೆ ಮಸಿ. ಮತ್ತೆ ಎರಡು.
ಮಧ್ಯಾಹ್ನವೆಲ್ಲ ಹೀಗೇ ಸವೆದು
ಕೊನೆಗೆ ನಡುವೆ ಮಸಿಗೂ ಜಾಗವಿಲ್ಲದಾಗ
ಮೂಗಿನಲ್ಲೊಂದು "ಹ್ಞೂಂ".
ಆ ಒಂದು ಹ್ಞೂಂಗಾಗಿ ಊಟ ಮರೆತದ್ದುಂಟು ನಾನು.

ಹಿಡಿಯ ಮರಕ್ಕೆ ಎಣ್ಣೆಯನ್ನು ಬರಿ ಅಂಗೈಯಲ್ಲೇ ತಿಕ್ಕುತ್ತಿದ್ದ.
ಬಟ್ಟೆ ಯಾಕಿಲ್ಲ ಎಂದೆ.
"ಬಟ್ಟೆಗೆ ಬಿಸಿ ಇದೆಯೇನು?"
ಅದೇ ಆ ವಾರದ ಮಾತು.

ಅಕ್ಟೋಬರಿನಲ್ಲಿ ಬೆಟ್ಟದ ಮೇಲೆ ಬೇಟೆ.
ಊರೆಲ್ಲ ಪುಟ್ಟ ಹಕ್ಕಿಗಳನ್ನು ಸಲಾಕೆಗೆ ಚುಚ್ಚಿ ಸುಡುವ ಭಾನುವಾರ
ಇವನು ಪೊಲೆಂತಾಕ್ಕೆ ಚೀಸ್ ಹಚ್ಚಿಕೊಂಡು ತಿನ್ನುತ್ತಿದ್ದ.
ಒಮ್ಮೆ ಮಾತ್ರ, ದೂರದ ಸದ್ದಿಗೆ ಅಗಿಯುವುದು ನಿಲ್ಲಿಸಿ,
"ಅದು ನಮ್ಮದು" ಎಂದ.
ಹೆಮ್ಮೆಯೋ ಇನ್ನೇನೋ, ಈಗಲೂ ತಿಳಿದಿಲ್ಲ.

ಎಲ್ಲಕ್ಕಿಂತ ನೋಡಬೇಕಾದ್ದು ನಳಿಗೆ ನೇರ ಮಾಡುವುದು.
ಕಿಟಕಿಗೆ ಅಡ್ಡ ಒಂದು ಕರಿದಾರವಂತೆ,
ನಳಿಗೆಯನ್ನು ಕಣ್ಣಿಗಿಟ್ಟು ಅತ್ತ ಹಿಡಿದರೆ
ಒಳಗೋಡೆಯುದ್ದಕ್ಕೂ ದಾರದ ನೆರಳು ಹರಿಯುವುದಂತೆ,
ನೆರಳು ಕೊಂಕಿದಲ್ಲಿ ಉಕ್ಕೂ ಕೊಂಕಂತೆ.
ನಾನು ಕಂಡದ್ದು ಇಷ್ಟೇ:
ಅವನು ನೋಡುತ್ತಾನೆ, ಕಾಲು ಸುತ್ತು ತಿರುಗಿಸುತ್ತಾನೆ,
ಹೆಬ್ಬೆರಳು ಬುಡದಿಂದ ತುದಿಗೆ ಸರಿದು
ಎಲ್ಲೋ ನಿಲ್ಲುತ್ತದೆ,
ಉಗುರಿನಲ್ಲಿ ತಟ್ಟಿ ಕಿವಿ ಕೊಡುತ್ತಾನೆ.
ಆಮೇಲೆ ಸೀಸದ ಸುತ್ತಿಗೆ. ಒಂದೇ ಪೆಟ್ಟು.

ಸಂತ ಫೌಸ್ತಿನೊನ ಹಬ್ಬದ ಮಾರನೆಯ ದಿನ
ಸೂರಿನ ಹಿಮ ತೊಟ್ಟಿಕ್ಕುತ್ತಿದ್ದಾಗ
ನಳಿಗೆಯನ್ನು ನನ್ನತ್ತ ಚಾಚಿದ. "ನೋಡು, ಹುಡುಗಿ."

ಕಣ್ಣಿಗಿಟ್ಟೆ.
ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ,
ಉಂಗುರದೊಳಗೆ ಉಂಗುರ, ತುದಿಯಲ್ಲಿ ಆಕಾಶದ ಚೂರು.
ಹೊಳಪಿತ್ತು. ನೆರಳಿರಲಿಲ್ಲ.
"ಗೆರೆ ಇಲ್ಲ" ಎಂದೆ, ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು.

ಆಗ ಕಿಟಕಿ ನೋಡಿದೆ.
ಎರಡು ಮೊಳೆ.
ಒಂದರಲ್ಲಿ ಗಂಟಿನ ಚೂರು, ಅದರ ಮೇಲೆ ಧೂಳು.
ದಾರ ಕಡಿದು ಬಿದ್ದು ಎಷ್ಟು ಕಾಲವಾಯಿತೋ,
ನಾನೇ ಗುಡಿಸಿ ಒಲೆಗೆ ಹಾಕಿದ್ದೆನೋ.

ಏಳು ತಿಂಗಳು ಬೆನ್ನ ಹಿಂದೆ ನಿಂತವಳು
ಮೊದಲ ಸಲ ಎದುರು ಬಂದೆ.
ಎರಡೂ ಕಣ್ಣಲ್ಲಿ ಹಾಲಿನ ಕೆನೆ.

"ಇಲ್ಲವೇ?" ಎಂದ, ಏನೂ ಆಗದವನ ಹಾಗೆ.
"ಸರಿ, ಕೊಂಕು ಎಲ್ಲಿದೆ ಹೇಳು."
ಹೆಬ್ಬೆರಳು ಸರಿಸಿದೆ, ತಣ್ಣನೆಯ ಉಕ್ಕಿನ ಮೇಲೆ,
ಅವನ ಬೆರಳು ಹೋಗುವಷ್ಟೇ ನಿಧಾನ,
ಅದು ನಿಲ್ಲುತ್ತಿದ್ದ ಹಾಗೆಯೇ ನಿಂತಿತು.
"ಇಲ್ಲಿ."
ಅವನ ಬೆರಳು ಬಂದು ನನ್ನದನ್ನು
ಗೋಧಿಕಾಳಿನಷ್ಟು ಪಕ್ಕಕ್ಕೆ ತಳ್ಳಿತು.

ಮರುದಿನ ಹೊಸ ದಾರ ಕಟ್ಟಿದೆ. ಹೇಳಲಿಲ್ಲ.
ಪೊರಕೆಯನ್ನು ಅವನೇ ತೆಗೆದುಕೊಂಡಿದ್ದ, ಅವನೂ ಹೇಳಲಿಲ್ಲ.
ಸರಿಯಾಗಿ ಗುಡಿಸುತ್ತಿರಲಿಲ್ಲ,
ಹಿತ್ತಾಳೆಯ ಡಬ್ಬಿಗೆ ಕಬ್ಬಿಣ ಬೆರೆಸುತ್ತಿದ್ದ.
ಅವನು ಮನೆಗೆ ಹೋದ ಮೇಲೆ
ದೀಪ ಹಚ್ಚಿ, ಅಯಸ್ಕಾಂತ ಹಿಡಿದು
ನಾನು ಬೇರ್ಪಡಿಸುತ್ತಿದ್ದೆ.